ಎರಡು ಬಾಗಿಲ ಕಾರು, ಡಿಕ್ಕಿಯಲ್ಲಿ ಜೋಳ

ನಾನು ಕಾರು ಕಲಿತದ್ದು ನಲವತ್ತೊಂದನೇ ವಯಸ್ಸಿಗೆ. ಅದಕ್ಕೂ ಮೊದಲು ಹನ್ನೆರಡು ವರ್ಷ ಅಟ್ಟೂರಿನ ಮನೆಯಿಂದ ಸೋಲದೇವನಹಳ್ಳಿಯ ಕಾಲೇಜಿಗೆ, ಗಣಿತ ಪಾಠ ಹೇಳಲು, ಎರಡು ಬಸ್ಸು ಬದಲಿಸಿ ಹೋಗಿಬಂದವಳು. ಇಬ್ಬರು ಕೂರುವ ಸೀಟಿಗೆ ಮೂರನೆಯವರಾಗಿ ಬಂದು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನುವವರಿಗೆ ಸರಿದೂ ಸರಿದೂ ನನ್ನ ಎಡಭುಜ ಕಿಟಕಿಯ ಸರಳಿನ ಆಕಾರಕ್ಕೇ ಬಂದುಬಿಟ್ಟಿತ್ತು. ಹಾಗಾಗಿ ಲೈಸೆನ್ಸ್ ಕೈಗೆ ಬಂದ ವಾರವೇ ಕಾರು ಹುಡುಕಲು ಹೊರಟೆವು.

ಎಂಥ ಕಾರು ಎಂಬುದನ್ನು ಮನೆಯವರು ನನಗಿಂತ ಮೊದಲೇ ತೀರ್ಮಾನಿಸಿದ್ದರು. ಯಲಹಂಕದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುವ ನನ್ನ ಗಂಡನಿಗೆ ಚಿಕ್ಕದು, ಬಿಳಿಯದು, ಸೆಕೆಂಡ್ ಹ್ಯಾಂಡ್ ಬೇಕಿತ್ತು. ಗದಗದ ಕಡೆಯಿಂದ ಬಂದು ನಮ್ಮ ಜೊತೆಗೇ ಇರುವ ಅತ್ತೆಯದು ಒಂದೇ ಮಾತು: "ಬಾಗಲಾ ದೊಡ್ಡದಿರಬೇಕವಾ. ಸಣ್ಣ ಬಾಗಲದಾಗ ತಲಿ ಬಗ್ಗಿಸಿ ಹೋಗಾಕ ನನಗ ಆಗಂಗಿಲ್ಲ."

ಚಿಕ್ಕ ಬಿಳಿ ಕಾರೊಂದು ಆರ್.ಟಿ. ನಗರದಲ್ಲಿ ಸಿಕ್ಕಿತು. ಮಾರುವವರು ಒಂದು ಕಾಲಕ್ಕೆ ಟೈಪಿಂಗ್ ಶಾಲೆ ನಡೆಸುತ್ತಿದ್ದ ಹಿರಿಯ ಸಾಹೇಬರು. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಕತ್ತರಿಸಿಟ್ಟಂಥ ಗಡ್ಡ, ಒಂದೊಂದೇ ಅಕ್ಷರ ಒತ್ತಿದ ಹಾಗೆ ಮಾತು. ಗಂಡ ಬಿಳಿ ಕಾರಿನ ಬಾನೆಟ್ ಎತ್ತಿ ಒಳಗೆ ತಲೆ ಹಾಕಿದರು. ನಾನು ಸುಮ್ಮನೆ ಅತ್ತಿತ್ತ ನೋಡುವಾಗ ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗಿನಿಂದ ಒಂದು ಉದ್ದನೆಯ ಮೂತಿ ಕಾಣಿಸಿತು.

"ಅದೇನು ಸಾಹೇಬ್ರೇ?"

"ಅದು ಮಾರೋದಲ್ಲ."

ಮಾರುವುದಲ್ಲ ಅಂದಮೇಲೆ ನೋಡಬೇಕು ಅನ್ನಿಸಿತು. ಅವರೂ ತೋರಿಸಲು ಕಾಯುತ್ತಿದ್ದವರ ಹಾಗೆ ಟಾರ್ಪಾಲು ಸರಿಸಿದರು. ಹುಣಸೆಹಣ್ಣಿನ ಬಣ್ಣದ, ನೆಲಕ್ಕೆ ಅಂಟಿದಂಥ, ಎರಡೇ ಬಾಗಿಲಿನ ಹಳೆಯ ವಿದೇಶಿ ಕಾರು. ದುಬೈಯಿಂದ ಬಂದ ತಮ್ಮ ತಂದದ್ದಂತೆ. ತಮ್ಮ ಮೈಸೂರಿಗೆ ಹೋಗಿ ನೆಲೆಸಿದ, ಕಾರು ಇವರ ಹೆಸರಿಗೆ ವರ್ಗವಾಗಿ ಇಲ್ಲೇ ಉಳಿಯಿತು. ದಿನಾ ಬೆಳಿಗ್ಗೆ ಒರೆಸುತ್ತಾರೆ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡುತ್ತಾರೆ, ಗಂಗಾನಗರದವರೆಗೆ ಹೋಗಿ ವಾಪಸ್ಸು ಬರುತ್ತಾರೆ.

ಒಳಗೆ ಕೂತೆ. ಕಾಲು ಚಾಚಿದೆ. ಚಾಚಿದಷ್ಟೂ ಜಾಗ ಇತ್ತು. ನನ್ನ ಪಕ್ಕ ಒಂದೇ ಸೀಟು, ಹಿಂದೆ ಎರಡು ಮಕ್ಕಳು ಕೂರುವಷ್ಟು ಗುಂಡಿ. ಯಾರೂ ಬಂದು ಅಡ್ಜಸ್ಟ್ ಮಾಡಿಕೊಳ್ಳಿ ಅನ್ನಲು ಸಾಧ್ಯವೇ ಇಲ್ಲದ ವಾಹನವೊಂದು ಲೋಕದಲ್ಲಿದೆ ಅಂತ ನನಗೆ ಅವತ್ತೇ ಗೊತ್ತಾದದ್ದು.

"ಇದನ್ನೇ ತಗೋತೀನಿ," ಅಂದೆ.

ಗಂಡ ಬಿಳಿ ಕಾರಿನ ಬಾನೆಟ್ ಒಳಗಿನಿಂದ ತಲೆ ಎತ್ತಿದರು. "ನಿನಗ ತಲಿ ಕೆಟ್ಟೈತೇನು? ಮನ್ಯಾಗ ಮೂರು ಮಂದಿ ಅದೀವಿ."

"ಬಾಗಲಾ ನೋಡ್ರಿ ಎಷ್ಟು ದೊಡ್ಡದೈತಿ. ಅತ್ತಿ ಕೇಳಿದ್ದು ಅದನ್ನ."

ಸಾಹೇಬರು ಒಪ್ಪುವ ಮೊದಲು ನನ್ನನ್ನು ಪರೀಕ್ಷೆ ಮಾಡಿದರು. ಏನು ಪಾಠ ಹೇಳ್ತೀರಿ, ಗಣಿತದಲ್ಲಿ ಯಾವ ಭಾಗ, ಬೆಳಿಗ್ಗೆ ಎಷ್ಟಕ್ಕೆ ಏಳ್ತೀರಿ, ಕಾರಿನಲ್ಲಿ ತಿಂಡಿ ತಿನ್ನೋ ಅಭ್ಯಾಸ ಇದೆಯಾ. ಕೊನೆಗೆ, "ಕೈ ತೋರಿಸಿ ಮೇಡಂ," ಅಂದರು. ಚಾಚಿದೆ. ಬಹಳ ಹೊತ್ತು ನೋಡಿ, "ಸ್ಟೀರಿಂಗ್ ಭಾರ ಇದೆ. ಪರವಾಗಿಲ್ಲ, ತಿರುಗಿಸ್ತೀರಿ," ಅಂದರು. "ತಿಂಗಳಿಗೊಮ್ಮೆ ಬಂದು ನೋಡ್ಕೊಂಡು ಹೋಗ್ತೀನಿ. ಅದಕ್ಕೆ ಬೇಡ ಅನ್ನಬಾರದು." ನಾನು ಹೂಂ ಅಂದೆ. ಗಂಡ ಬಿಳಿ ಕಾರಿನ ಬಾನೆಟ್ ಮುಚ್ಚಿದರು.

ಕಾರಿನ ಪೂಜೆಗೆ ಬಂದ ಅಯ್ಯನವರು ಎರಡೂ ಬಾಗಿಲಿಗೆ ವಿಭೂತಿ ಹಚ್ಚಿ, ಹಿಂದಿನ ಬಾಗಿಲು ಹುಡುಕುತ್ತಾ ತಗಡನ್ನು ಬೆರಳಲ್ಲಿ ಬಡಿದು ನೋಡಿದರು. ಇಲ್ಲ ಅಂದಾಗ, ಇರಲಿ ಅಂತ ಬಾಗಿಲು ಇರಬೇಕಾಗಿದ್ದ ಜಾಗಕ್ಕೂ ಹಚ್ಚಿದರು.

ಮುಂದೆ ಕೂರಿ ಅಂದರೆ ಅತ್ತೆ ಒಪ್ಪಲಿಲ್ಲ. "ಮುಂದ ಗಂಡ ಹೆಂಡ್ತಿ ಕುಂದ್ರೂದು ಛಂದ." ಮುಂದಿನ ಸೀಟು ಬಗ್ಗಿಸಿ ಅವರನ್ನು ಹಿಂದಿನ ಗುಂಡಿಗೆ ಇಳಿಸುವಷ್ಟರಲ್ಲಿ ಬೀದಿಯ ಅರ್ಧ ಜನ ಸೇರಿದ್ದರು. ಯಲಹಂಕ ಕೆರೆಯತನಕ ಹೋಗಿ ಬಂದೆವು. ಇಳಿಸುವಾಗ ನಾನು ಕೈ ಹಿಡಿದು ಎಳೆದೆ, ಗಂಡ ಆ ಕಡೆಯಿಂದ ತಳ್ಳಿದರು, ಅತ್ತೆ ಒಂದು ಇಂಚೂ ಮೇಲೇಳಲಿಲ್ಲ. "ಬಿಡ್ರಿ ಅತ್ತಾಗ. ಇಲ್ಲೇ ತಂಪೈತಿ. ಅವರಿಕಾಯಿ ಕೊಡ್ರಿ, ಸುಲೀತೀನಿ," ಅಂದರು. ಅವತ್ತು ದೀಪ ಹಚ್ಚುವ ಹೊತ್ತಿನವರೆಗೆ ನಿಂತ ಕಾರಿನಲ್ಲೇ ಅವರೆಕಾಯಿ ಸುಲಿದರು. ಆಚೀಚೆ ಮನೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಮುಂದಿನ ಸೀಟಿನಲ್ಲಿ ಕೂತು ಮಾತಾಡಿ ಹೋದರು. ಕೊನೆಗೆ ಬಂದ ಇಬ್ಬರು ಸೇರಿ ಅತ್ತೆಯನ್ನು ಎಬ್ಬಿಸಿ ಇಳಿಸಿದರು. ಆಮೇಲೆ ಅದೇ ರೂಢಿಯಾಯಿತು. ನಾನು ಕಾಲೇಜಿನಿಂದ ಬಂದು ಕಾರು ನಿಲ್ಲಿಸುವುದೇ ತಡ, ಅತ್ತೆ ಮೊರ ಹಿಡಿದು ಒಳಗೆ ಹೋಗುತ್ತಿದ್ದರು. ಮೊದಲ ತಿಂಗಳು ಕಾರು ನೋಡಲು ಬಂದ ಸಾಹೇಬರು ಅವರನ್ನು ಕಂಡು ತಬ್ಬಿಬ್ಬಾಗಿ, ಹೊರಗೇ ನಿಂತು ಸಲಾಂ ಮಾಡಿ, ಚಹಾ ಕುಡಿದು ಹೋದರು.

ಮಳೆಗಾಲ ಶುರುವಾದ ಮೇಲೆ ಒಂದು ವಿಚಿತ್ರ ಗಮನಕ್ಕೆ ಬಂತು. ತಿರುವಿನಲ್ಲಿ ಕಾರಿನ ಮುಂಭಾಗ ನನ್ನ ಮಾತು ಕೇಳುತ್ತಿತ್ತು, ಹಿಂಭಾಗ ಕೇಳುತ್ತಿರಲಿಲ್ಲ. ಯಶವಂತಪುರದ ಮೆಕ್ಯಾನಿಕ್ ಒಬ್ಬರ ಹತ್ತಿರ ಒಯ್ದೆ. ಅವರು ಒಂದು ಸುತ್ತು ಓಡಿಸಿ ಬಂದು ಹೇಳಿದರು: "ಮೇಡಂ, ಈಗಿನ ಗಾಡಿಗಳಲ್ಲಿ ಮುಂದಿನ ಚಕ್ರ ಎಳೆಯುತ್ತೆ. ಇದರಲ್ಲಿ ಹಿಂದಿನ ಚಕ್ರ ತಳ್ಳುತ್ತೆ. ಹಿಂದೆ ಭಾರ ಇಲ್ದಿದ್ರೆ ನೀರಲ್ಲಿ ಬಾಲ ಆಡಿಸುತ್ತೆ. ಡಿಕ್ಕೀಲಿ ಏನಾದ್ರೂ ಮೂಟೆ ಇಡಿ."

ಊರಿಂದ ಬಂದ ಎರಡು ಚೀಲ ಜೋಳ ಮೆಟ್ಟಿಲ ಕೆಳಗಿತ್ತು. ಅದನ್ನೇ ಡಿಕ್ಕಿಗೆ ಹಾಕಿದೆವು. ಕಾರು ಮಂತ್ರಿಸಿದ ಹಾಗೆ ನೆಟ್ಟಗಾಯಿತು. ಎರಡು ತಿಂಗಳು ನಾನು ಯಾವ ಚಿಂತೆಯೂ ಇಲ್ಲದೆ ಓಡಾಡಿದೆ.

ಒಂದು ಬೆಳಿಗ್ಗೆ ಸೋಲದೇವನಹಳ್ಳಿಯಲ್ಲಿದ್ದ ತಮ್ಮ ಊರಿನವರೊಬ್ಬರನ್ನು ನೋಡಲು ಅತ್ತೆಯೂ ನನ್ನ ಜೊತೆ ಹೊರಟರು. ಜಿನುಗು ಮಳೆ. ಹೆಸರಘಟ್ಟ ರಸ್ತೆಯಿಂದ ಕಾಲೇಜಿನ ಕಡೆ ತಿರುಗುವಲ್ಲಿ ನಾನು ಸ್ಟೀರಿಂಗ್ ತಿರುಗಿಸಿದೆ, ಕಾರು ತಾನೂ ತಿರುಗಿತು, ಸಾಕು ಅಂದ ಮೇಲೂ ತಿರುಗುತ್ತಲೇ ಹೋಯಿತು. ಟೀ ಅಂಗಡಿ, ಬೇಲಿ, ನೀಲಗಿರಿ ತೋಪು, ಬಂದ ದಾರಿ, ಎಲ್ಲವೂ ಗಾಜಿನ ಮುಂದೆ ನಿಧಾನವಾಗಿ ಹಾದುಹೋದವು. ಕಾರು ಅಟ್ಟೂರಿಗೆ ಮುಖ ಮಾಡಿ ನಿಂತಿತು. ಯಾರಿಗೂ ತಗುಲಿರಲಿಲ್ಲ.

ಹಿಂದಿನಿಂದ ಅತ್ತೆ ಕೇಳಿದರು: "ಯಾಕವಾ, ಮನ್ಯಾಗ ಏನರ ಮರತು ಬಂದೀಯೇನು?"

ಟೀ ಅಂಗಡಿಯವನು ಲೋಟ ಹಿಡಿದುಕೊಂಡೇ ಓಡಿ ಬಂದ. "ಇಂಗೆಲ್ಲಾ ತಿರುಗಿಸ್ಬಾರ್ದು ಮೇಡಂ. ಯೂ ಟರ್ನ್ ಮುಂದೈತೆ," ಅಂದ.

ನಾನು ಇಳಿದು ಡಿಕ್ಕಿ ತೆಗೆದೆ. ಚೀಲಗಳು ತುಂಬಿದ ಹಾಗೇ ಇದ್ದವು. ಎತ್ತಿದರೆ ಒಂದೇ ಕೈಯಲ್ಲಿ ಬಂದವು.

"ಅತ್ತಿ, ಜೋಳ ಎಲ್ಲಿ?"

ಒಳಗಿನಿಂದ ಸಣ್ಣ ದನಿ. "ದಿನಾ ರೊಟ್ಟಿ ಎದರಲೆ ಮಾಡ್ತೀನಿ ಅಂತ ತಿಳಕೊಂಡಿ? ಆಜೂಬಾಜೂ ಮನಿಯವರೂ ರುಚಿ ಹತ್ತಿ ಕೇಳಾಕತ್ತಿದ್ರು. ಚೀಲ ಜೋತುಬಿದ್ದದ್ದು ಕಂಡ್ರ ನೀವು ಬೈತೀರಿ ಅಂತ ಹಳೇ ತಲಿದಿಂಬು ತುರುಕಿದ್ದೆ."

ಮಳೆಯಲ್ಲಿ ನಿಂತು ನಾನು ನಗಲಾರಂಭಿಸಿದೆ. ನಗು ನಿಲ್ಲುತ್ತಿಲ್ಲ ಅಂತ ಗೊತ್ತಾದಾಗ ಅದು ಅಳುವೂ ಆಗಿತ್ತು. ಟೀ ಅಂಗಡಿಯವನು ಕೈಯಲ್ಲಿದ್ದ ಲೋಟವನ್ನು ನನಗೇ ಕೊಟ್ಟ.

ಸಂಜೆ ಗಂಡ ಸಾಹೇಬರಿಗೆ ಫೋನ್ ಮಾಡಿ, ನಿಮ್ಮ ಕಾರು ನೀವೇ ವಾಪಸ್ ಒಯ್ಯಿರಿ ಅಂದರು. ಸಾಹೇಬರು ಮರುದಿನ ಬೆಳಿಗ್ಗೆಯೇ ಬಂದರು. ಎಲ್ಲ ಕೇಳಿದರು. ಜುಬ್ಬಾ ಎತ್ತಿ ಕಟ್ಟಿ ನೆಲಕ್ಕೆ ಮಂಡಿಯೂರಿ ಹಿಂದಿನ ಟೈರನ್ನು ಉಗುರಿನಿಂದ ಒತ್ತಿದರು. ಎದ್ದಾಗ ಅವರ ಮುಖ ನೋಡಲಾಗಲಿಲ್ಲ.

"ತಪ್ಪು ನಂದು," ಅಂದರು. "ಗಂಗಾನಗರದತನಕ ಹೋಗಿ ಬರೋ ಗಾಡಿಗೆ ಟೈರ್ ಸವೆಯೋದೇ ಇಲ್ಲ. ನಾನು ದಿನಾ ಪಾಲಿಶ್ ಹಾಕಿ ಹೊಳೆಸ್ತಿದ್ದೆ, ಹೊಸದೇ ಅಂದ್ಕೊಂಡಿದ್ದೆ. ವಯಸ್ಸಾಗಿ ಮರದ ಹಾಗೆ ಗಟ್ಟಿಯಾಗಿದೆ ಮೇಡಂ. ನಿಮಗೇನಾದ್ರೂ ಆಗಿದ್ರೆ..."

ಗಂಡ ಮೆತ್ತಗಾದರೂ ಹಟ ಬಿಡಲಿಲ್ಲ. ಕೊನೆಗೆ ತೀರ್ಮಾನ ಹೇಳಿದ್ದು ಅತ್ತೆ. "ಕಾರು ಕೊಟ್ಟು ಬಿಟ್ರ ಸಂಜೀಕ ನಾ ಎಲ್ಲಿ ಕೂಡಲಿ? ಆಜೂಬಾಜೂ ಹೆಣ್ಣುಮಕ್ಕಳು ಎಲ್ಲಿ ಬಂದು ಕೂಡಬೇಕು?" ಸಾಹೇಬರೇ ಜೊತೆಗೆ ಬಂದು ಯಶವಂತಪುರದಲ್ಲಿ ನಾಲ್ಕೂ ಹೊಸ ಟೈರು ಹಾಕಿಸಿದರು. ಮೆಕ್ಯಾನಿಕ್ ಡಿಕ್ಕಿಗೆ ಎರಡು ಮರಳಿನ ಮೂಟೆ ಹಾಕಿ, "ಇದನ್ನ ಯಾರೂ ತಿನ್ನಲ್ಲ," ಅಂದರು.

ಆಮೇಲೆ ಕಾರು ಯಾವತ್ತೂ ನನ್ನ ಕೈ ಮೀರಲಿಲ್ಲ. ಹೋದ ತಿಂಗಳು ನನ್ನ ಅಕ್ಕ, ಭಾವ ಊರಿಂದ ಬಂದಾಗ ಬೆಳಿಗ್ಗೆ ಯಶವಂತಪುರ ಸ್ಟೇಷನ್‌ಗೆ ನಾನೇ ಹೋದೆ. ನನ್ನ ಕಾರು ತೋರಿಸುವ ಉತ್ಸಾಹ. ಡಿಕ್ಕಿ ತೆಗೆದರೆ ಮರಳು. ನಾಲ್ಕು ಬ್ಯಾಗಿಗೆ ಒಂದು ಆಟೋ ಹಿಡಿಯಬೇಕಾಯಿತು. ಬ್ಯಾಗಿನ ಜೊತೆ ಯಾರಾದರೂ ಇರಲಿ ಅಂತ ಭಾವ ಆಟೋ ಹತ್ತಿದರು. ಅಕ್ಕ ಹಿಂದಿನ ಗುಂಡಿಯನ್ನೂ ನನ್ನ ಮುಖವನ್ನೂ ಒಮ್ಮೆ ನೋಡಿ, "ಮಂಡಿ ನೋವೈತಿ ತಂಗಿ," ಅಂತ ತಾನೂ ಆಟೋ ಹತ್ತಿದಳು. ಮುಂದಿನ ಸೀಟು ಖಾಲಿ ಇದೆ ಅಂತ ನಾನು ಹೇಳುವಷ್ಟರಲ್ಲಿ ಆಟೋ ಹೊರಟಿತ್ತು.

ಹಾಗೆ ಅವರು ಮುಂದೆ, ನಾನೊಬ್ಬಳೇ ಹಿಂದೆ. ನನ್ನ ಕಾರು ನೆಲಕ್ಕೆ ತಾಗುವಷ್ಟು ತಗ್ಗು ಅಂತ ಆಟೋದವರಿಗೆ ಹೇಗೋ ಅರ್ಥವಾಗಿತ್ತು. ಯಲಹಂಕದವರೆಗೂ ಒಂದೊಂದು ಹಂಪ್ ಬಂದಾಗಲೂ ಕೈ ಹೊರಗೆ ಚಾಚಿ, ನಿಧಾನ ನಿಧಾನ ಅಂತ ಸನ್ನೆ ಮಾಡುತ್ತಾ ಹೋದರು. ಆಟೋದ ಹಿಂದಿನ ಗಾಜಿನಿಂದ ಅಕ್ಕ ಕೈ ಬೀಸಿದಳು. ನಾನೂ ಬೀಸಿದೆ, ಒಂದು ಗೇರ್ ಇಳಿಸಿ ಹಂಪ್ ಹತ್ತಿಸಿದೆ.