ತಬರ್ನಾಕ್ ಎಂದರೆ ಮೂರು

ರೆಜಿಸ್ ಬ್ವಾಲಿಗೆ ಒಂದು, ಎರಡು, ಮೂರು ಎಂದು ಎಣಿಸಲು ಬರುತ್ತಿರಲಿಲ್ಲ ಎಂದಲ್ಲ. ಡ್ರಮ್ಮಿನ ಮುಂದೆ ಕೂತಾಗ ಬರುತ್ತಿರಲಿಲ್ಲ, ಅಷ್ಟೇ. ಅಂಕಿಗಳು ನಾಲಿಗೆಗೆ ತೀರಾ ನಿಧಾನ ಎನ್ನುತ್ತಿದ್ದ. ಅದಕ್ಕೇ ಬೈಗುಳದಲ್ಲಿ ಎಣಿಸುತ್ತಿದ್ದ. ಕ್ರಿಸ್ ಎಂದರೆ ಒಂದು ಪೆಟ್ಟು. ಕಾ-ಲಿಸ್ ಎರಡು. ತ-ಬರ್-ನಾಕ್ ಮೂರು. ಏಳರ ತಾಳ ಬಂದರೆ ಕಾಲಿಸ್ ಕಾಲಿಸ್ ತಬರ್ನಾಕ್. ಬೇರೆ ಊರಿನವರು ಬೈಯುವಾಗ ಎದುರಿನವನ ಅಮ್ಮನನ್ನೋ ಅಕ್ಕನನ್ನೋ ಬೀದಿಗೆ ಎಳೆಯುತ್ತಾರಂತೆ. ಕೆನಡಾದ ಕೆಬೆಕ್ಕಿನ ನಾವು ಹೆಂಗಸರ ತಂಟೆಗೆ ಹೋಗುವವರಲ್ಲ; ಕ್ರಿಸ್ ಎಂದರೆ ಕ್ರಿಸ್ತ, ಕಾಲಿಸ್ ಎಂದರೆ ಪೂಜಾಪೀಠದ ಮೇಲಿನ ಬಟ್ಟಲು, ತಬರ್ನಾಕ್ ಎಂದರೆ ಅಲ್ಲಿನ ಪ್ರಸಾದದ ಪೆಟ್ಟಿಗೆ, ಇವನ್ನೇ ಎಳೆಯುತ್ತೇವೆ. ಅದನ್ನು ಕೇಳಿದರೆ ನಮ್ಮ ಅಜ್ಜಿಯರು ಇವತ್ತಿಗೂ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ.

ಇಂಥ ಬಾಯಿಯ ರೆಜಿಸ್ ಹುಟ್ಟಿ ಬೆಳೆದದ್ದು ಮಾತ್ರ ಚರ್ಚಿನ ಕಾಂಪೌಂಡಿನೊಳಗೆ. ಅವನ ಅಪ್ಪ ಅದೆಲಾರ್ ಅಲ್ಲಿನ ಪರಿಚಾರಕ. ಗಂಟೆ ಹೊಡೆಯುವುದು, ಬಾಯ್ಲರ್ ಉರಿಸುವುದು, ಮೆಟ್ಟಿಲ ಮೇಲಿನ ಹಿಮ ಗೋರುವುದು, ಬೆಳ್ಳಿ ಬಟ್ಟಲು ತಿಕ್ಕುವುದು ಎಲ್ಲ ಅವರದೇ. ಹೆಂಡತಿ ತೀರಿಹೋದ ಮೇಲೆ ಮನೆಯಲ್ಲಿದ್ದದ್ದು ಅಪ್ಪ ಮಗ ಇಬ್ಬರೇ. ಸುತ್ತಿಗೆ ಹೆಬ್ಬೆರಳ ಮೇಲೆ ಬಿದ್ದರೂ ಅದೆಲಾರ್ ಬಾಯಿಂದ ಒಂದು ಕೆಟ್ಟ ಮಾತು ಬಂದದ್ದನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ.

ನಮ್ಮ ಬ್ಯಾಂಡಿನ ತಾಲೀಮು ನಡೆಯುತ್ತಿದ್ದದ್ದು ಅದೇ ಚರ್ಚಿನ ನೆಲಮಾಳಿಗೆಯಲ್ಲಿ. ಗಿಟಾರಿಗೆ ಯಾನಿಕ್, ಬಾಸ್ ಗಿಟಾರಿಗೆ ನಾನು. ಹಾಡುವುದು, ಅಂದರೆ ಹೊಟ್ಟೆಯೊಳಗಿಂದ ಗುರುಗುಟ್ಟುವುದು, ಅದೂ ಯಾನಿಕ್ ಕೆಲಸವೇ. ನಾವು ನುಡಿಸುತ್ತಿದ್ದದ್ದು ಡೆತ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ; ಮೊದಮೊದಲು ಅದೆಂದರೆ ಯಾರು ಹೆಚ್ಚು ವೇಗ, ಯಾರು ಹೆಚ್ಚು ಕರ್ಕಶ ಎಂಬ ಪಂದ್ಯವಾಗಿತ್ತು. ಫ್ಲಾರಿಡಾದ ಹುಡುಗರ ಕ್ಯಾಸೆಟ್ಟುಗಳು ಅಂಚೆಯಲ್ಲಿ ಬರುತ್ತಿದ್ದವು, ನಾವು ಕಿವಿ ಹಚ್ಚಿ ಕೇಳುತ್ತಿದ್ದೆವು. ಎಲ್ಲರೂ ವೇಗ ಕಲಿತ ಮೇಲೆ ವೇಗಕ್ಕೇನು ಬೆಲೆ? ಆಗ ಅಲ್ಲೊಬ್ಬ ಜಾಜ್ ಕೇಳಿದವನು, ಇಲ್ಲೊಬ್ಬ ಪಿಟೀಲು ಕಲಿತವನು ತಾಳವನ್ನೇ ಮುರಿಯತೊಡಗಿದರು. ಯಾನಿಕ್ ಪಿಟೀಲಿನವನು. ವರ್ಷದ ಅರ್ಧ ಹಿಮದಡಿ ಕಳೆಯುವ ನಮ್ಮಂಥವರಿಗೆ ಇದು ಹೇಳಿ ಮಾಡಿಸಿದ ಹುಚ್ಚು. ನೆಲಮಾಳಿಗೆಯಲ್ಲಿ ಕೂತು ಕಷ್ಟದ್ದನ್ನು ಅಭ್ಯಾಸ ಮಾಡದೆ ಇನ್ನೇನು ಮಾಡುವುದು? ಜನ ಅದಕ್ಕೆ ಟೆಕ್ನಿಕಲ್ ಡೆತ್ ಮೆಟಲ್ ಎಂದು ಹೆಸರಿಟ್ಟರು. ನಮ್ಮ ಹಾಡಿನಲ್ಲಿ ಒಮ್ಮೆ ಬಂದ ಸಾಲು ಮತ್ತೆ ಬರುತ್ತಿರಲಿಲ್ಲ. ಏಳು ಮುಗಿಯುವ ಮೊದಲೇ ಐದು, ಐದರ ಕುತ್ತಿಗೆಯ ಮೇಲೆ ಹನ್ನೊಂದು. ಪಲ್ಲವಿ ಇಲ್ಲ, ಉಸಿರಾಡಲು ಜಾಗ ಇಲ್ಲ. ಒಳಗೆ ಹೊಕ್ಕವನು ಎಣಿಕೆ ತಪ್ಪಿದನೋ, ಹೊರಗೆ ಬರುವ ಬಾಗಿಲು ಸಿಗುತ್ತಿರಲಿಲ್ಲ. ರೆಜಿಸ್ ಮಾತ್ರ ತಪ್ಪುತ್ತಿರಲಿಲ್ಲ.

ನಮ್ಮ ಪಾದ್ರಿಗೆ ಕಿವಿ ಮಂದ. ಅದೆಲಾರ್‌ಗೆ ಮಂದವಿರಲಿಲ್ಲ. ಮಹಡಿಗೆ ಬಿಸಿಗಾಳಿ ಹೋಗುವ ಜಾಲರಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಅವರು ಬಟ್ಟಲು ತಿಕ್ಕುತ್ತಿದ್ದರು. ಗಾಳಿಯ ಜೊತೆ ನಮ್ಮ ಎಣಿಕೆಯೂ ಮೇಲೆ ಹೋಗುತ್ತಿತ್ತು.

"ನಿಮ್ಮಪ್ಪ ಏನೂ ಅನ್ನಲ್ವೇನೋ?" ಎಂದು ನಾನೊಮ್ಮೆ ಕೇಳಿದೆ.

"ಅಂದ್ರಲ್ಲ. ಆ ದಪ್ಪ ಹುಡುಗ ನಿನ್ನೆ ಎರಡೇಟು ನುಂಗಿಬಿಟ್ಟ ಅಂದ್ರು. ನಿನ್ನ ವಿಷಯಾನೇ ಕಣೋ ಡುಮ್ಮ."

ಸಾವಿರದ ಒಂಬೈನೂರ ತೊಂಬತ್ತೆರಡರ ಶರತ್ಕಾಲದಲ್ಲಿ ಗಂಟೆಯ ಹಗ್ಗ ಎಳೆಯುತ್ತಿದ್ದಾಗಲೇ ಅದೆಲಾರ್‌ಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಬುದ್ಧಿ ಚೆನ್ನಾಗಿಯೇ ಇತ್ತು. ಹೊಸ ಮಾತು ಹುಟ್ಟುವುದು ಕಷ್ಟ, ಆದರೆ ಪ್ರಾರ್ಥನೆ, ಎಣಿಕೆ, ಬೈಗುಳ ಇಂಥವು ಕೆಲವರಲ್ಲಿ ಹಾಗೇ ಉಳಿಯುತ್ತವೆ ಎಂದರು ಡಾಕ್ಟರು. ಪ್ರಾರ್ಥನೆ ಉಳಿದಿರುತ್ತದೆ ಎಂದು ಊರೇ ನಂಬಿತು. ಪಾದ್ರಿ ಹಾಸಿಗೆಯ ಪಕ್ಕ ಕೂತು ಮಾತೆ ಮರಿಯಳ ಜಪ ಶುರು ಮಾಡಿದರು. ಅದೆಲಾರ್ ಕಣ್ಣು ಮುಚ್ಚಿ, ತುಟಿ ಕೂಡಿಸಿ, ಹಣೆಯ ನರ ಉಬ್ಬುವಂತೆ ಪ್ರಯತ್ನಿಸಿ, ಸ್ಪಷ್ಟವಾಗಿ "ಕಾಲಿಸ್" ಎಂದರು. ಪಾದ್ರಿಗೆ ಕೇಳಿಸಲಿಲ್ಲ, ದೇವರು ದೊಡ್ಡವನು.

ಆಮೇಲೆ ಅವರ ಬಾಯಲ್ಲಿ ಅಷ್ಟೇ ಮಾತು. ಕೆಲವೇ ದಿನಗಳಲ್ಲಿ ಅಪ್ಪ ಮಗ ಅದರಲ್ಲೇ ಒಂದು ಭಾಷೆ ಕಟ್ಟಿಕೊಂಡರು. ಕಾಲಿಸ್ ಎಂದರೆ ನೀರು. ತಬರ್ನಾಕ್ ಎಂದರೆ ಮೂತ್ರಕ್ಕೆ ಹೋಗಬೇಕು. ಏಳರ ತಾಳ ಪೂರ್ತಿ ಬಂದರೆ ಕಿಟಕಿಯ ಹತ್ತಿರ ಕೂರಿಸು ಎಂದು. ಹೊರಗಿನವರಿಗೆ ಇದೆಲ್ಲ ಹೊಲಸು ಬಾಯಿ. ನೋಡಿಕೊಳ್ಳಲು ಬಂದ ನೆರೆಯ ಹೆಂಗಸು ಒಂದು ಬೆಳಗ್ಗೆ ಇದ್ದು, ಮಧ್ಯಾಹ್ನ ಅತ್ತುಕೊಂಡು ಮನೆಗೆ ಹೋದಳು.

ಹೀಗೆ ಇಪ್ಪತ್ತೆರಡು ವರ್ಷದ ರೆಜಿಸ್ ಅಪ್ಪನ ಹಾಸಿಗೆಗೂ ಅಪ್ಪ ಹೊಡೆಯುತ್ತಿದ್ದ ಚರ್ಚಿನ ಗಂಟೆಗೂ ಸೇರಿ ಕಟ್ಟುಬಿದ್ದ. ಫ್ಲಾರಿಡಾದ ಒಂದು ರೆಕಾರ್ಡ್ ಕಂಪನಿಯಿಂದ ಯಾನಿಕ್‌ಗೆ ಫೋನ್ ಬಂದದ್ದು ಆಗಲೇ. ನಾವು ಕಳಿಸಿದ ಕ್ಯಾಸೆಟ್ ಅವರಿಗೆ ಹಿಡಿಸಿತ್ತು. ಮಾರ್ಚಿನಲ್ಲಿ ಬನ್ನಿ, ರೆಕಾರ್ಡ್ ಮಾಡೋಣ, ಅಲ್ಲಿಂದ ಊರೂರು ನುಡಿಸುತ್ತ ಹೋಗಿ. ನಿಮ್ಮ ಡ್ರಮ್ಮಿನವನಿಗೆ ಆಗದಿದ್ದರೆ ನಮ್ಮಲ್ಲೊಬ್ಬನಿದ್ದಾನೆ ಎಂದರಂತೆ. ಒಮ್ಮೆ ಹೊರಟರೆ ಊರಿಗೆ ಬರುವುದು ಯಾವಾಗಲೋ.

ಇದ್ದ ದಾರಿ ಒಂದೇ: ನದಿಯ ಆಚೆ ಕನ್ಯಾಸ್ತ್ರೀಯರು ನಡೆಸುತ್ತಿದ್ದ ವೃದ್ಧರ ಮನೆ. ಅಲ್ಲಿಗೆ ಮೊದಲ ಸಲ ಕರೆದುಕೊಂಡು ಹೋದಾಗ ಅದೆಲಾರ್‌ಗೆ ಬಾಯಾರಿತು. ಪಡಸಾಲೆಯಲ್ಲಿ ಜಪಸರ ಹಿಡಿದಿದ್ದ ಮುದುಕಿಯರ ಎದುರಿಗೇ ನೀರು ಕೇಳಿದರು. ಮೇಲ್ವಿಚಾರಕಿ ಸಿಸ್ಟರ್ ಒದಿಲ್ ಕೆಟ್ಟವರಲ್ಲ. "ಇದು ಕಾಯಿಲೆ ಅಂತ ನಂಗೆ ಅರ್ಥ ಆಗತ್ತಪ್ಪ, ಅವರಿಗೆ ಅರ್ಥ ಆಗಲ್ವಲ್ಲ. ಸ್ವಲ್ಪ ಹತೋಟಿಗೆ ಬರಲಿ, ಫೆಬ್ರವರೀಲಿ ಇನ್ನೊಂದ್ಸಲ ಕರ್ಕೊಂಡು ಬಾ," ಎಂದರು.

"ಮಾಡಿದ್ದುಣ್ಣೋ ಮಹಾರಾಯ," ಎಂದ ಯಾನಿಕ್. "ಅಂಕೀಲಿ ಎಣಿಸೋ, ಎಲ್ಲಾರ ಥರ ಎಣಿಸೋ ಅಂತ ಎಷ್ಟು ಬಡ್ಕೊಂಡೆ!"

ರೆಜಿಸ್ ಅಪ್ಪನಿಗೆ ಹೊಸ ಮಾತು ಕಲಿಸಲು ಕೂತ. ಮೂರು ಪೆಟ್ಟಿನದೇ ಆಗಬೇಕು, ಇಲ್ಲದಿದ್ದರೆ ನಾಲಿಗೆ ಒಪ್ಪುವುದಿಲ್ಲ ಎಂದು ಅವನ ವಾದ.

"ಟೊ-ಮ್ಯಾ-ಟೊ. ಅನ್ನು ಅಪ್ಪ."

ಅದೆಲಾರ್ ಮಗನ ತುಟಿಯನ್ನೇ ನೋಡಿದರು. "ಟೊ... ತ..." ಬೆವರು ಇಳಿಯಿತು. "ತಬರ್ನಾಕ್."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ. ಆದರೆ ಅಪ್ಪನನ್ನು ಶೌಚಕ್ಕೆ ಎತ್ತಿಕೊಂಡು ಹೋಗಿ ಬಂದ ಮೇಲೆ ರೆಜಿಸ್ ಮುಖದಲ್ಲಿ ನಗು ಉಳಿದಿರಲಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು ಅವನದು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಫೆಬ್ರವರಿ ಹತ್ತಿರ ಬಂದಂತೆ ಒಂದು ಸಂಜೆ ನನ್ನೆದುರಿಗೇ ಅವನು ಸ್ಫೋಟಿಸಿದ.

"ಒಂದೇ ಒಂದು ಗಂಟೆ ಅಪ್ಪಾ! ಆ ಸಿಸ್ಟರ್ ಮುಂದೆ ಒಂದು ಗಂಟೆ ಬಾಯಿ ಮುಚ್ಕೊಂಡಿರೋಕಾಗಲ್ವಾ ನಿಂಗೆ? ನಾನಿಲ್ಲಿ ಕೊಳೀತಾ ಇದೀನಿ!"

 ಅದೆಲಾರ್ ಆಯಿತೆಂದು ತಲೆಯಾಡಿಸಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಹೋಗಿ ಯಾರೂ ಹೇಳದೆಯೇ ಮೆಟ್ಟಿಲಿನ ಹಿಮ ಗೋರಿದೆ.

ಸಿಸ್ಟರ್ ಒದಿಲ್ ಗೊತ್ತುಪಡಿಸಿದ ದಿನ ವ್ಯಾನ್ ಓಡಿಸಿದವನು ನಾನೇ. ಅದೆಲಾರ್‌ಗೆ ಭಾನುವಾರದ ಕೋಟು ಹಾಕಿಸಿದ್ದೆವು. ಬೆಳಗ್ಗೆಯಿಂದ ಅವರು ಒಂದು ಸದ್ದೂ ಮಾಡಿರಲಿಲ್ಲವಂತೆ. ಸಿಸ್ಟರ್ ಒದಿಲ್ ಕೋಣೆ ತೋರಿಸಿದರು. ಒಳ್ಳೆಯ ಕೋಣೆ, ಕಿಟಕಿಯಲ್ಲಿ ಹೆಪ್ಪುಗಟ್ಟಿದ ನದಿ ಕಾಣುತ್ತಿತ್ತು. ಏನು ಕೇಳಿದರೂ ಅದೆಲಾರ್ ತಲೆಯಾಡಿಸಿದರು. ನೀರಿನ ಲೋಟ ಮುಂದಿಟ್ಟಾಗ ಗಟಗಟನೆ ಒಂದೇ ಉಸಿರಿಗೆ ಕುಡಿದುಬಿಟ್ಟರು. ತುಟಿ ಮತ್ತೆ ಬಿಗಿಯಿತು.

"ಎಷ್ಟು ಶಾಂತವಾಗಿದಾರೆ!" ಎಂದರು ಸಿಸ್ಟರ್. "ನೋಡಿದ್ಯಾ, ಪ್ರಾರ್ಥನೆ ಸುಮ್ನೆ ಹೋಗಲ್ಲ. ಇವತ್ತೇ ಬಿಟ್ಟು ಹೋಗ್ಬಹುದು."

ನನ್ನ ಎದೆ ಹಗುರಾಯಿತು. ಫ್ಲಾರಿಡಾದ ಬಿಸಿಲು ಆಗಲೇ ಬೆನ್ನಿಗೆ ತಾಗಿದಂತಿತ್ತು. ರೆಜಿಸ್ ಮಾತ್ರ ಅಪ್ಪನ ಎಡಗೈಯನ್ನು ನೋಡುತ್ತಿದ್ದ. ಆ ಕೈ ಗಾಲಿಕುರ್ಚಿಯ ತೋಳನ್ನು ಬೆರಳು ಬಿಳಿಚುವಂತೆ ಹಿಡಿದಿತ್ತು. ಅವನು ಬಗ್ಗಿ ಅಪ್ಪನ ಕಿವಿಯಲ್ಲಿ ಮೆಲ್ಲಗೆ ಕೇಳಿದ.

"ತಬರ್ನಾಕ್?"

ಅದೆಲಾರ್ ಇಲ್ಲವೆಂದು ತಲೆ ಅಲ್ಲಾಡಿಸಿದರು. ಜೋರಾಗಿ ಅಲ್ಲಾಡಿಸಿದರು. ಅಷ್ಟರಲ್ಲಿ ಭಾನುವಾರದ ಪ್ಯಾಂಟಿನ ಒಂದು ಕಾಲು ಕಪ್ಪಾಗುತ್ತ ಇಳಿಯಿತು, ಬೂಟಿನ ಸುತ್ತ ನೆಲ ಒದ್ದೆಯಾಯಿತು. ಅವರು ನೆಟ್ಟಗೆ ಕೂತು ನದಿಯನ್ನೇ ನೋಡುತ್ತಿದ್ದರು.

"ಪರವಾಗಿಲ್ಲಪ್ಪ," ಎಂದರು ಸಿಸ್ಟರ್. "ಇಲ್ಲಿ ಎಲ್ಲರಿಗೂ ಆಗೋದೇ. ಬಟ್ಟೆ ಬದಲಾಯಿಸಿದ್ರಾಯ್ತು. ನೀನು ಹೊರಡು."

ಬಾಗಿಲು ತೆರೆದೇ ಇತ್ತು. ರೆಜಿಸ್ ಹೊರಡಬಹುದಿತ್ತು. ಹೊರಟಿದ್ದರೆ ಅವನಪ್ಪ ಆ ಕೋಣೆಯಲ್ಲಿ ಸಾಯುವವರೆಗೂ ಬಾಯಿ ತೆರೆಯುತ್ತಿರಲಿಲ್ಲ. ಅದು ಅವನಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಗೊತ್ತಾಗದಿದ್ದರೆ ಚೆನ್ನಾಗಿತ್ತು ಎಂದು ನಾನು ಆ ಕ್ಷಣ ಮನಸಾರೆ ಬಯಸಿದೆ.

"ಇವರು ಶಾಂತವಾಗಿಲ್ಲ ಸಿಸ್ಟರ್," ಎಂದ ರೆಜಿಸ್. "ಇವರು ಭಾರೀ ಮಾತುಗಾರರು."

ಅಪ್ಪನ ಎದುರು ಮಂಡಿಯೂರಿ ಕೂತ. ಗಾಲಿಕುರ್ಚಿಯ ತೋಳಿನ ಮೇಲೆ ಬೆರಳಿನಿಂದ ಬಡಿಯುತ್ತ, "ಕಾಲಿಸ್... ಕಾಲಿಸ್..." ಎಂದು ನಿಲ್ಲಿಸಿದ. ಅದೆಲಾರ್ ತುಟಿ ಕಚ್ಚಿಕೊಂಡರು. ಅವನು ಮತ್ತೆ ಬಡಿದ. "ಕಾಲಿಸ್... ಕಾಲಿಸ್..." ಸಿಸ್ಟರ್ ಎರಡೂ ಕೈಯಲ್ಲಿ ಜಪಸರ ಹಿಡಿದು ನಿಂತಿದ್ದರು. ಮೂರನೆಯ ಸಲಕ್ಕೆ ಅದೆಲಾರ್ ಬಾಯಿ ತಾನಾಗಿ ತೆರೆದುಕೊಂಡಿತು.

"ತಬರ್ನಾಕ್!"

ಪಡಸಾಲೆಯಲ್ಲಿ ಯಾರೋ ಮುದುಕಿ ಕಿರುಚಿದಳು. ರೆಜಿಸ್ ಎದ್ದು, ತನ್ನ ಕೋಟು ತೆಗೆದು ಅಪ್ಪನ ತೊಡೆಯ ಮೇಲೆ ಹೊದಿಸಿ, ಗಾಲಿಕುರ್ಚಿಯನ್ನು ಬಾಗಿಲಿನತ್ತ ತಿರುಗಿಸಿದ.

ವಾಪಸು ಬರುವಾಗ ಸೇತುವೆಯ ಮೇಲೆ ಅದೆಲಾರ್ ಶುರು ಮಾಡಿದರು. ಕ್ರಿಸ್, ಕಾಲಿಸ್, ತಬರ್ನಾಕ್, ಮತ್ತೆ ತಬರ್ನಾಕ್. ಹಿಡಿತವಿಲ್ಲ, ತಾಳವಿಲ್ಲ, ಎಡಗೈಯಿಂದ ಮಗನ ಭುಜಕ್ಕೆ ಗುದ್ದುತ್ತ, ಜೊಲ್ಲು ಸುರಿಸುತ್ತ, ಅಳುತ್ತ. ನಾನು ಅಭ್ಯಾಸಬಲದಿಂದ ಲೆಕ್ಕ ಹಿಡಿಯಲು ನೋಡಿದೆ, ಸಿಗಲಿಲ್ಲ.

"ಏನು ಬೇಕಂತೋ ನಿಮ್ಮಪ್ಪಂಗೆ?" ಎಂದೆ.

"ಏನೂ ಬೇಡ್ವಂತೆ," ಎಂದ ರೆಜಿಸ್. "ಬೈತಾ ಇದಾರೆ."