ನೀನು ಹೇಗೂ ಫ್ರೀ ಅಲ್ವಾ

ಆ ಮನೆಯ ಸೊಸೆಯ ಜೀವ ತಿಂದದ್ದು ಒಂದು ಇಂಗ್ಲಿಷ್ ಪದ: ಫ್ರೀ. ಮದುವೆಗೆ ಮುಂಚೆಯೇ ಹೊಲಿಗೆ ಕಲಿತವಳು, ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿಯುತ್ತಿದ್ದಳು.

ಗಿರಾಕಿಗಳ ಬಾಯಲ್ಲಿ ಆ ಪದ ಸಾಧುವಾಗಿಯೇ ಇತ್ತು. "ತೋಳು ಸ್ವಲ್ಪ ಫ್ರೀ ಇರ್ಲಿ" ಅಂದರೆ ಸಡಿಲ ಬಿಡಬೇಕು, ಅಷ್ಟೇ. ಎಣ್ಣೆ ಬಿಟ್ಟರೆ ಮಿಷನ್ನಿನ ಚಕ್ರ ಫ್ರೀ ಆಗುತ್ತಿತ್ತು, ಅದೂ ಒಳ್ಳೆಯದೇ. "ಗುಂಡಿ ಹಾಕೋದು ಫ್ರೀ ತಾನೇ?" ಎಂದು ಹಲ್ಲುಕಿರಿಯುವವರನ್ನು ಕಂಡರೆ ಮೈ ಉರಿಯುತ್ತಿತ್ತು. ಆದರೂ ಅವರು ಕೇಳಿಯಾದರೂ ಕೇಳುತ್ತಿದ್ದರು. ಮನೆಯವರು ಕೇಳುತ್ತಲೇ ಇರಲಿಲ್ಲ. "ಅವಳು ಹೇಗೂ ಫ್ರೀ" ಎಂದು ಅತ್ತೆ ನೆಂಟರ ಮಕ್ಕಳನ್ನು ತಂದು ಕೂರಿಸುತ್ತಿದ್ದರು. "ನೀನು ಹೇಗೂ ಫ್ರೀ ಅಲ್ವಾ" ಎಂದು ಗಂಡ ತನ್ನ ಕೆಲಸಗಳನ್ನೆಲ್ಲ ಅವಳ ತಲೆಗೆ ಕಟ್ಟುತ್ತಿದ್ದ. ಬೆಳಗಿನಿಂದ ಬೆನ್ನು ಬಗ್ಗಿಸಿ ಪೆಡಲ್ ತುಳಿಯುವವಳು ಫ್ರೀ; ಕಚೇರಿಯಲ್ಲಿ ಕುರ್ಚಿ ಬಿಸಿ ಮಾಡಿ ಬರುವವನು ಬ್ಯುಸಿ. ಎಂಥ ನ್ಯಾಯ ಇದು?

ಒಂದು ರಜೆಯ ದಿನ ಅವಳು ದಾರ ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಗಂಡ ಮಿಷನ್ನನ್ನು ಅಡುಗೆಮನೆ ಪಕ್ಕಕ್ಕೆ ತಳ್ಳಿ, ಕೋಣೆಯಲ್ಲಿ ಮಂಚ ಹಾಕಿದ್ದ.

"ನನ್ನ ತಮ್ಮ ಇನ್ಮೇಲೆ ಇಲ್ಲೇ ಇರ್ತಾನಮ್ಮ. ರೂಮು ಫ್ರೀ ಇತ್ತಲ್ಲ" ಎಂದರು ಅತ್ತೆ, ಕಿಟಕಿ ಒರೆಸುತ್ತಾ.

ಒರೆಸುವ ಬಟ್ಟೆಯನ್ನು ಅವಳು ಗುರುತು ಹಿಡಿದಳು. ಅದು ಶಾಲೆಯ ಟೀಚರ್ ಕೊಟ್ಟಿದ್ದ ಅಳತೆ ಬಟ್ಟೆ. ಅಳತೆಗೆ ಯಾರೂ ಹೊಸದನ್ನು ಕೊಡುವುದಿಲ್ಲ. ತೊಟ್ಟು ತೊಟ್ಟು ಮೈಗೆ ಒಗ್ಗಿದ, ಬಣ್ಣಗೆಟ್ಟ ಹಳೆಯದನ್ನೇ ಕೊಡುತ್ತಾರೆ. ಗಿರಾಕಿಗಳ ಅಂಥ ಬಟ್ಟೆಗಳನ್ನೆಲ್ಲ ಅತ್ತೆ ಹರಿದು ಒರೆಸುವ ಅರಿವೆ ಮಾಡಿದ್ದರು.

ಅವಳಿಗೆ ಅಳು ಬರಲಿಲ್ಲ, ಸಿಟ್ಟು ನೆತ್ತಿಗೇರಿತು. ಮಿಷನ್ನನ್ನು ಒಬ್ಬಳೇ ದರದರ ಎಳೆದು ತಂದು, ಮಂಚಕ್ಕೆ ತಾಗಿಸಿ ನಿಲ್ಲಿಸಿ, ಹೊಲಿಯಲು ಕೂತಳು. "ಗಿರಾಕಿಗಳು ಬಂದ್ರೆ ನೀವೇ ಉತ್ತರ ಹೇಳಿ" ಎಂದಳು ಗಂಡನಿಗೆ.

ಸಂಜೆ ಟೀಚರ್ ಬಂದು ಅಳತೆ ಬಟ್ಟೆ ಕೇಳಿದರು. ಗಂಡ ತಾಯಿಯ ಮುಖ ನೋಡಿದ. ತಾಯಿ ಗೋಡೆ ನೋಡಿದರು.

"ತಪ್ಪಾಯ್ತು ಟೀಚರ್," ಎಂದು ಅವನು ತಲೆ ಕೆರೆದುಕೊಂಡ. "ಅಂಗಡಿ ಕ್ಲೀನ್ ಮಾಡುವಾಗ ನಮ್ಮಮ್ಮ ಹರಿದುಬಿಟ್ರು."

ಅಂಗಡಿಯಂತೆ. ಮದುವೆಯಾದಾಗಿನಿಂದ ಆ ಕೋಣೆಯನ್ನು ಅವನು ಹಾಗೆ ಕರೆದದ್ದೇ ಇಲ್ಲ. ಹೊರಗಿನವರ ಮುಂದೆ ಮಾನ ಉಳಿಸಿಕೊಳ್ಳಬೇಕಾದಾಗ ಮಾತ್ರ ಆ ಮಾತು ನಾಲಿಗೆಗೆ ಬಂತು.

ಅವಳು ಪೆಡಲಿನಿಂದ ಕಾಲು ತೆಗೆದಳು. "ಅಂಗಡೀಲಿ ಮಂಚಕ್ಕೇನು ಕೆಲಸ?" ಎಂದಳು, ಟೀಚರ್ ಎದುರಿಗೇ. "ಆ ಕಡೆ ನೀವು ಹಿಡೀರಿ, ಈ ಕಡೆ ಅತ್ತೆ ಹಿಡೀತಾರೆ. ಟೀಚರ್ ಒಳಗೆ ಬರ್ಬೇಕು, ಹೊಸದಾಗಿ ಅಳತೆ ತಗೋಬೇಕು."

ಟೀಚರ್ ಬಾಗಿಲಿನಿಂದ ಪಕ್ಕಕ್ಕೆ ಸರಿದು ಮಂಚಕ್ಕೆ ದಾರಿ ಬಿಟ್ಟರು.