ಅತ್ತೆಯ ಕ್ರಾಸಿಂಗ್

ನನ್ನ ಅತ್ತೆಯ ಬಲಗೈ ತೋರುಬೆರಳ ತುದಿ ಸದಾ ಕಪ್ಪಗಿರುತ್ತಿತ್ತು. ಮದುವೆಯಾಗಿ ಸೀತಾಂಗೋಳಿಯ ಆ ಮನೆಗೆ ಬಂದ ಹೊಸತರಲ್ಲಿ ಅದನ್ನು ಒಲೆಯ ಮಸಿ ಎಂದುಕೊಂಡಿದ್ದೆ. ಅದು ರೈಲುಹಳಿಯ ಮಸಿ. ಉಪ್ಪರಿಗೆಯ ಕೋಣೆಯಲ್ಲಿ, ಎರಡು ಹಳೆಯ ಬಾಗಿಲುಗಳನ್ನು ಜೋಡಿಸಿ ಮಾಡಿದ ಮೇಜಿನ ಮೇಲೆ, ಅತ್ತೆಯ ಪುಟ್ಟ ರೈಲುಮಾರ್ಗವಿತ್ತು. ದಿನಾ ಬೆಳಿಗ್ಗೆ ಹಳಿಯ ಮೇಲೆ ಬೆರಳೆಳೆದು ಕೊಳೆ ನೋಡಿ, ಆಮೇಲೆ ಬಟ್ಟೆಯಲ್ಲಿ ಒರೆಸುವುದು ಅವರ ಕ್ರಮ.

ಆ ರೈಲನ್ನು ನನ್ನ ಗಂಡ ಚಿಕ್ಕವನಿದ್ದಾಗ ಅವನಿಗೆಂದು ಅತ್ತೆಯ ತಮ್ಮ ಗಲ್ಫಿನಿಂದ ತಂದದ್ದಂತೆ. "ಅವನಿಗೆ ಎರಡೇ ದಿವಸಕ್ಕೆ ಸಾಕಾಯ್ತು. ನನಗೆ ಇನ್ನೂ ಸಾಕಾಗ್ಲಿಲ್ಲ," ಎನ್ನುತ್ತಿದ್ದರು, ಒಂದಿಷ್ಟೂ ನಾಚಿಕೆಯಿಲ್ಲದೆ.

ಅವರಿಗೊಂದು ಆಸೆ ಉಳಿದಿತ್ತು. ಒಂಟಿ ಹಳಿಯಲ್ಲಿ ಎದುರುಬದುರಾಗಿ ಎರಡು ರೈಲು ಬರಬೇಕು, ನಡುವಿನ ನಿಲ್ದಾಣದಲ್ಲಿ ಒಂದು ನಿಂತು ಇನ್ನೊಂದಕ್ಕೆ ದಾರಿ ಬಿಡಬೇಕು. ಕ್ರಾಸಿಂಗ್! ರೈಲು ಓಡಿಸುವ ಹಳೆಯ ಕರೆಂಟು ಪೆಟ್ಟಿಗೆಯಲ್ಲಿ ಅದು ಆಗುವಂತಿರಲಿಲ್ಲ. ನಾಬ್ ತಿರುಗಿಸಿದರೆ ಹಳಿಯ ಮೇಲಿನ ಇಂಜಿನುಗಳೆಲ್ಲ ಒಟ್ಟಿಗೇ, ಒಂದೇ ದಿಕ್ಕಿಗೆ ಹೊರಡುತ್ತಿದ್ದವು.

ಪಾಲಿಟೆಕ್ನಿಕ್ಕಿನಲ್ಲಿ ಇಲೆಕ್ಟ್ರಾನಿಕ್ಸ್ ಕಲಿಸುವ ಸೊಸೆ ಬಂದದ್ದು ಅವರಿಗೆ ಹಾಲು ಕುಡಿದಷ್ಟು ಸಂತೋಷ. ನಾನು ಉಮೇದಿನಿಂದ ವಿದೇಶದ ಡಿಜಿಟಲ್ ಕಂಟ್ರೋಲರ್ ಒಂದನ್ನು ಫೋನಿನಲ್ಲಿ ತೋರಿಸಿದೆ. ಇಪ್ಪತ್ತು ಇಂಜಿನು ಓಡಿಸುವ ಶಕ್ತಿ ಅದಕ್ಕೆ. ಕ್ರಯ ನೋಡಿ ಅತ್ತೆ ಕನ್ನಡಕ ತೆಗೆದಿಟ್ಟರು.

"ಊಟಕ್ಕೆ ಹೇಳಿದವರಿಗೆಲ್ಲ ಒಟ್ಟಿಗೇ ಎಲೆ ಹಾಕ್ತಾರಾ? ಒಂದು ಪಂಕ್ತಿಗೆ ಎಷ್ಟು ಜನ ಅಂತ ನೋಡುದು. ನಮ್ಮದು ಓಡುದು ಎರಡೇ ಅಲ್ವಾ?"

ಮಾತು ಸರಿಯಾಗಿತ್ತು. ಫೋನಿನಿಂದ ಹೇಳಿದ್ದನ್ನು ಹಳಿಗೆ ಮುಟ್ಟಿಸುವ ಸಣ್ಣ ಬೋರ್ಡೊಂದನ್ನು ತರಿಸಿ ನಾನೇ ಬೆಸುಗೆ ಹಾಕಿದೆ. ಆ ಆಜ್ಞೆ ತಿಳಿಯುವ ಚಿಪ್ಪನ್ನು ಎರಡೇ ಇಂಜಿನುಗಳಿಗೆ ಕೂರಿಸಿದೆವು. ಶಿಳ್ಳೆ ಹಾಕುವ ಚಿಪ್ಪಿಗೆ ಕ್ರಯ ಜಾಸ್ತಿ. "ಅದು ಬೇಡ. ಕೂಗ್ಲಿಕ್ಕೆ ನಾನಿಲ್ವಾ?" ಎಂದರು. ಕರೆಂಟಿನ ಅಡಾಪ್ಟರಿನಲ್ಲಿ ಮಾತ್ರ ಅಗ್ಗದ್ದಕ್ಕೆ ಒಪ್ಪಲಿಲ್ಲ. ಹಳಿ ಶಾರ್ಟ್ ಆದರೆ ತಾನೇ ಕಡಿದುಕೊಳ್ಳುವಂಥದ್ದೇ ಆಗಬೇಕಿತ್ತು. "ಬೆಂಕಿಯ ಹತ್ತಿರ ಲೋಭ ಮಾಡ್ಲಿಕ್ಕಿಲ್ಲ."

ಮೊದಲ ಸಲ ಎರಡೂ ಇಂಜಿನು ಒಟ್ಟಿಗೇ ಹೊರಟು ನನ್ನ ಮಾನ ಹೋಯಿತು. ಹೊಸ ಚಿಪ್ಪುಗಳಿಗೆಲ್ಲ ಒಂದೇ ನಂಬರು ಇರುತ್ತದೆ, ಬದಲಿಸಲು ಮರೆತಿದ್ದೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಂತ ಮಾರಾಯ್ತಿ, ಇಬ್ಬರು ಮಕ್ಕಳಿಗೂ ಒಂದೇ ಹೆಸರಿಟ್ರೆ ಕರೆದಾಗ ಇಬ್ಬರೂ ಬರುದೇ!"

ನಂಬರು ಬದಲಿಸಿ, ಆಚೆ ತುದಿಯಿಂದ ಅವರು, ಈಚೆ ತುದಿಯಿಂದ ನಾನು ಗಾಡಿ ಬಿಟ್ಟೆವು. ಹಿರಿಯರಿಗೆ ದಾರಿ ಬಿಡಬೇಕಲ್ಲ ಎಂದು ನಾನು ನಿಲ್ದಾಣದ ಪಕ್ಕದ ಹಳಿಗೆ ಬಂದು ನಿಂತೆ. ಅತ್ತೆಯ ಗಾಡಿ ಬಂತು, ಅದೂ ನಿಂತಿತು. ಎರಡೂ ಅಕ್ಕಪಕ್ಕ ನಿಂತೇ ಇದ್ದವು. ಸದ್ದಿಲ್ಲದ್ದು ಕಂಡು ಗಂಡ ಮೆಟ್ಟಿಲು ಹತ್ತಿ ಬಂದ.

"ಎಂತ, ಹಾಳಾಯ್ತಾ?"

"ನೀವು ಹೋಗಿ ಅತ್ತೆ," ಎಂದೆ.

"ನೀನು ಹೋಗು."

"ನಾನು ನಿಮ್ಮನ್ನು ಕಾದು ನಿಂತದ್ದು."

ಅತ್ತೆ ನನ್ನ ಮುಖ ನೋಡಿದರು. "ಈ ಮನೆಯಲ್ಲಿ ನನ್ನನ್ನು ಕಾದು ನಿಂತವರು ಇಷ್ಟರವರೆಗೆ ಯಾರೂ ಇಲ್ಲ," ಎಂದರು. ಆಮೇಲೆ ಗಟ್ಟಿಯಾಗಿ "ಕೂ" ಎಂದು ಕೂಗಿ ಗಾಡಿ ಬಿಟ್ಟರು. ಅಷ್ಟು ಖುಷಿಯ ಮುಖವನ್ನು ನಾನು ಮತ್ತೆ ಕಂಡಿಲ್ಲ.

ಆ ದಿನ ರಾತ್ರಿ ಎಲ್ಲರಿಗೂ ಬಡಿಸಿ ಅತ್ತೆ ಅಡಿಗೆಮನೆಗೆ ಬಂದಾಗ ನಾನು ಉಣ್ಣದೆ ಎರಡು ತಟ್ಟೆ ಇಟ್ಟುಕೊಂಡು ಕೂತಿದ್ದೆ. ಅವರು ತೀರಿಕೊಳ್ಳುವವರೆಗೆ ನಾವು ಒಟ್ಟಿಗೇ ಉಂಡೆವು. ಈಗ ನಾನು ಬಡಿಸಿ ಬರುವವರೆಗೆ ಗಂಡ ಅನ್ನ ಮುಟ್ಟದೆ ಕಾಯುತ್ತಾನೆ.